ಬೇವಿನ ಗಿಡದ ಬುಡದ ಜಾಗ

ವೇದಿಕೆಯ ಮೇಲಿರುವ ನಮ್ಮ ಬಳಗದ ಅಧ್ಯಕ್ಷರಾದ ಶ್ರೀ ಪಂಕಜ ಮಗದೂಮ ಅವರೇ, ನನ್ನ ಬಗ್ಗೆ ಇಷ್ಟೊಂದು ಒಳ್ಳೆಯ ಮಾತಾಡಿ ನನಗೇ ನಾಚಿಕೆ ಬರಿಸಿದ ಪ್ರಾಧ್ಯಾಪಕಿ ಅಲಕಾತಾಯಿಯವರೇ, ಮುಂದಿನ ಸಾಲಿನಲ್ಲಿ ಕೂತ ನಮ್ಮ ಅತ್ತೆ ಕಾಡವ್ವನವರೇ, ಸಾಂಗ್ಲಿ, ಮಿರಜ, ಹೊಳೆಯಾಚೆಯ ಸಾಂಗ್ಲಿವಾಡಿಯಿಂದ ಬಂದ ಭಜನಾ ಮೇಳದ ಹಿರಿಯರೇ, ತಾಯಂದಿರೇ, ಕುರ್ಚಿ ಖಾಲಿ ಇದ್ದರೂ ಹಿಂದೆ ಗೋಡೆಗೆ ಆತು ನಿಂತಿರುವ ನಮ್ಮ ಲಿಂಗನೂರಿನ ಮಂದಿಯೇ, ಸಭಿಕರೇ, ನಿಮಗೆಲ್ಲ ಗುರುಶಾಂತವ್ವನ ಶರಣು.

ಮೈಕಿನ ಮುಂದೆ ನಾನು ನಿಂತದ್ದು ಇದೇ ಮೊದಲು. ಮನೆಯಿಂದ ಹೊರಡುವಾಗ ನಮ್ಮ ಅತ್ತೆಯವರು, "ಸಾವಕಾಶ ಮಾತಾಡವಾ. ಮಾತೇನು ರೊಟ್ಟಿ ಅಲ್ಲ, ಹೊತ್ತತೈತಿ ಅಂತ ಗಡಿಬಿಡಿ ಮಾಡಾಕ" ಅಂದರು. ನಮ್ಮ ಸೊಸೆ ಪ್ರಾಜಕ್ತಾ ವಿಶ್ರಾಮಬಾಗದ ಹುಡುಗಿ, ಅರ್ಧ ಮರಾಠಿ ಅರ್ಧ ಕನ್ನಡ. ಅವಳು ನನ್ನ ಸೆರಗು ಸರಿಮಾಡುತ್ತ, "ಆಯೀ, ಘಾಬರೂ ನಕಾ, ಹೆದರಬ್ಯಾಡ್ರಿ. ಮುಂದ ಕೂತವರು ಎಲ್ಲಾ ನಿಮ್ಮ ರೊಟ್ಟಿ ತಿಂದವರೇ ಇದ್ದಾರ" ಅಂದಳು. ಅದು ಖರೆ. ಇಲ್ಲಿಂದ ನೋಡಿದರೆ ನನಗೆ ಮುಖಕ್ಕಿಂತ ಮೊದಲು ನಿಮ್ಮ ನಿಮ್ಮ ಹಸಿವೆಯೇ ನೆನಪಾಗುತ್ತದೆ. ಯಾರಿಗೆ ಖಾರ ಬೇಕು, ಯಾರಿಗೆ ಬೇಡ, ಯಾರು ಎರಡೇ ಸಾಕು ಅಂದು ನಾಲ್ಕು ತಿನ್ನುತ್ತಾರೆ, ಎಲ್ಲ ಗೊತ್ತು.

ಅಲಕಾತಾಯಿಯವರು ಈಗ ನನ್ನ ಪರಿಚಯ ಮಾಡಿಕೊಡುತ್ತ, "ಸಂಗೀತಕ್ಕಾಗಿ ಬಾಳು ಸವೆಸಿದ ತಾಯಿ" ಅಂದರು. ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಬಂದರೇನು ಅಂತ. ನನ್ನ ಬಾಳೇನೂ ಸವೆದಿಲ್ಲರಿ, ಸವೆದದ್ದು ರೊಟ್ಟಿ ಬಡಿಯುವ ಕೊಣಮಿಗೆ. ನಾನು ಮಾಡಿದ್ದು ರೊಟ್ಟಿ, ಝುಣಕ, ಗೋಧಿ ಹುಗ್ಗಿ. ಅದಕ್ಕೆ ಶಾಲು ಹೊದಿಸಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ದೊಡ್ಡ ಮನಸ್ಸು ನಿಮ್ಮದು.

ಅಧ್ಯಕ್ಷರು ತಮ್ಮ ಮಾತಿನಲ್ಲಿ ಇನ್ನೊಂದು ಸುದ್ದಿ ಹೇಳಿದರು, ನೀವೆಲ್ಲ ಚಪ್ಪಾಳೆ ಹೊಡೆದಿರಿ. ಈ ವರ್ಷದ ಹೊಲಭಜನೆಗೆ ಬಳಗದಿಂದ ದೊಡ್ಡ ವೇದಿಕೆ ಕಟ್ಟಿಸುತ್ತಾರಂತೆ. ದೀಪ, ಸ್ಪೀಕರು, ಮೇಲೆ ಮಾಂಡವ, ಕೆಳಗೆ ಕುರ್ಚಿ. ವೇದಿಕೆ ಎಲ್ಲಿ? ನಮ್ಮ ಹೊಲದ ಬೇವಿನ ಗಿಡದ ಬುಡದಲ್ಲಿ, ಖಾಲಿ ಬಿದ್ದಿರುವ ಜಾಗದಲ್ಲಿ. "ಗುರುಶಾಂತವ್ವನವರು ಈಗ ಒಪ್ಪಿಗೆ ಕೊಡುತ್ತಾರೆ" ಅಂತಲೂ ಹೇಳಿಬಿಟ್ಟರು. ನಮ್ಮ ಮನೆಯವರು ನಿನ್ನೆಯೇ ನನಗೆ, "ಹೂಂ ಅಂದು ಕುಂದರು. ದೊಡ್ಡವರು ಪ್ರೀತಿಲೆ ಮಾಡಾಕತ್ತಾರ" ಅಂದಿದ್ದಾರೆ. ಹೂಂ ಅನ್ನಬೇಕು ಅಂತಲೇ ಬಂದಿದ್ದೇನೆ. ಆದರೆ ಆ ಜಾಗದ ಬಗ್ಗೆ ಎರಡು ಮಾತು ಹೇಳದೆ ಹೂಂ ಅನ್ನುವುದು ಹೇಗೆ?

ಹೊಲಭಜನೆಗೆ ಇನ್ನೂ ಬಾರದವರು ಇಲ್ಲಿ ಇದ್ದೀರಿ. ನಿಮಗಾಗಿ ಹೇಳುತ್ತೇನೆ. ಪ್ರತಿ ವರ್ಷ ಜೋಳದ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಯ ಮಗ್ಗುಲಿನ ಹೊಲ ಖಾಲಿಯಾಗುತ್ತದೆ. ಆಗ ಸುತ್ತಿನ ಊರುಗಳ ಭಜನಾ ಮೇಳದವರು ತಾಡಪತ್ರಿ, ಕಂಬಳಿ, ಏಕತಾರಿ, ದಿಮ್ಮು, ಪೇಟಿ ಕಟ್ಟಿಕೊಂಡು ಬರುತ್ತಾರೆ. ಮೊದಲು ಚಕ್ಕಡಿಯಲ್ಲಿ ಬರುತ್ತಿದ್ದರು, ಈಗ ಟೆಂಪೊ. ನಾಲ್ಕು ಬಡಿಗೆ ನೆಟ್ಟು ಮೇಲೆ ತಾಡಪತ್ರಿ ಎಳೆದರೆ ಅದೇ ಅವರ ಮನೆ. ಮೂರು ದಿವಸ ಅಲ್ಲೇ ಉಣ್ಣುವುದು, ಅಲ್ಲೇ ಮಲಗುವುದು, ಅಲ್ಲೇ ಹಾಡುವುದು. ಸಾಂಗ್ಲಿವಾಡಿಯ ಜಿನಪ್ಪ ಕಾಕಾ ಅವರ ಮೇಳದವರು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಹೀಗಾಗಿ ಸಂಜೆ ಎಲ್ಲರಿಗಿಂತ ಮೊದಲು ಪದ ಎತ್ತುವವರು ಅವರೇ. ಅವರ ದನಿ ಕೇಳಿದ ಮೇಲೆ ಉಳಿದವರು ಗಡಬಡಿಸಿ ಕೈ ತೊಳೆಯುತ್ತಾರೆ.

ಅಲ್ಲಿ ವೇದಿಕೆ ಇಲ್ಲ. ಯಾರು ಮೊದಲು, ಯಾರು ಆಮೇಲೆ ಎಂಬುದಿಲ್ಲ. ಒಂದು ತಾಡಪತ್ರಿಯ ಕೆಳಗೆ ಪದ ಮುಗಿದರೆ ಇನ್ನೊಂದರ ಕೆಳಗೆ ಏಳುತ್ತದೆ. ಮನಸ್ಸು ಬಂದಲ್ಲಿ ಹೋಗಿ ಕೂತುಕೊಳ್ಳುವುದು. ಮಿರಜದಲ್ಲಿ ತಂಬೂರಿ ಮಾಡುವ ಮುಸಲ್ಮಾನ ಮಂದಿಯೂ ಬರುತ್ತಾರೆ. ಕನ್ನಡ ಪದ ತಿಳಿಯದಿದ್ದರೂ ತಂತಿ ತಿಳಿಯುತ್ತದೆ ಅವರಿಗೆ.

ಇದನ್ನು ಶುರು ಮಾಡಿದವರು ನಮ್ಮ ಮಾವ ಸಿದ್ಧೇಶ್ವರಪ್ಪನವರು. ಲಿಂಗದಲ್ಲಿ ಐಕ್ಯರಾಗಿ ಬಹಳ ವರ್ಷ ಆಯಿತು. ಭಾಳ ಕಟ್ಟುನಿಟ್ಟಿನ ಮನುಷ್ಯ. ಆ ಒಂದು ಹೊಲದಲ್ಲಿ ಜೋಳ ಕುಡುಗೋಲಿನಿಂದ ಕೊಯ್ಯಗೊಡುತ್ತಿರಲಿಲ್ಲ, ಬೇರುಸಹಿತ ಕೀಳಬೇಕು. ಕೊಯ್ದರೆ ಬುಡ ಉಳಿಯುತ್ತದೆ, ಮಲಗಿದವರ ಬೆನ್ನಿಗೆ ಚುಚ್ಚುತ್ತದೆ. ಆಳುಗಳು ಗೊಣಗಿದರೆ, "ದೇವರ ಹೆಸರು ಹೇಳಾಕ ಬಂದವರ ಬೆನ್ನಿಗಿ ಕೂಳಿ ಚುಚ್ಚಸ್ತೀರೇನ್ರೋ?" ಅನ್ನುತ್ತಿದ್ದರು. ಈಗ ನಮ್ಮ ಮಗ ಪ್ರಥಮೇಶ ಉಳಿದ ಹೊಲಕ್ಕೆಲ್ಲ ದ್ರಾಕ್ಷಿ ಹಚ್ಚಿದ್ದಾನೆ. ಆದರೆ ಆ ಹೊಲಕ್ಕೆ ಇವತ್ತಿಗೂ ಜೋಳವೇ. ಈಗಲೂ ಕೈಯಿಂದಲೇ ಕೀಳುವುದು.

ಮಾವನವರದು ಇನ್ನೊಂದು ಕಟ್ಟಳೆ ಇತ್ತು. ನಮ್ಮ ಮನೆಯವರು ಯಾರೂ ಹೊಲಭಜನೆಯಲ್ಲಿ ಹಾಡಬಾರದು. ಗಂಡಸರು ನೀರು ಹೊರುತ್ತಿದ್ದರು, ಹೆಂಗಸರು ಒಲೆ ನೋಡುತ್ತಿದ್ದರು. "ಹೊಲದ ಧಣಿ ಹಾಡಾಕ ಕುಂತನಂದ್ರ ಬಂದವರು ಮುಲಾಜಿಗಿ ತಲಿ ತೂಗ್ತಾರ. ಖರೇ ಹಾಡು ಅಲ್ಲೇ ಸಾಯತೈತಿ. ಉಣಿಸೋದು ನಮ್ಮ ಕಾಯಕ, ಹಾಡೋದು ಅವರದು" ಅನ್ನುತ್ತಿದ್ದರು. ವಿಚಾರ ಮಾಡಿ ನೋಡ್ರಿ, ತಪ್ಪೇನಿದೆ ಇದರಲ್ಲಿ? ನಾನಂತೂ ತಪ್ಪು ಅಂದಿಲ್ಲ. ಮಾವನವರು ಹಾಕಿದ ಗೆರೆಯನ್ನು ಲಿಂಗದ ಮುಂದಿನ ರಂಗೋಲಿಯ ಹಾಗೆ ದಾಟದೆ ನಡೆದಿದ್ದೇನೆ. ನನಗೆ ಅದರಿಂದ ಯಾವ ಕೊರತೆಯೂ ಆಗಿಲ್ಲ.

ಬೇವಿನ ಗಿಡದ ಮಾತು ಹೇಳುತ್ತೇನೆ ಅಂದು ಎಲ್ಲಿಗೋ ಹೋದೆ. ಬಂದೆ, ಅಲ್ಲಿಗೇ ಬಂದೆ.

ನನ್ನ ತವರು ಜತ್ತದ ಕಡೆಯ ಒಂದು ಸಣ್ಣ ಹಳ್ಳಿ. ನಮ್ಮಪ್ಪ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ. ಕೆಲವು ಪದ ಅವನೇ ಕಟ್ಟಿದ್ದು. ನನ್ನನ್ನು ಏಳನೇ ಇಯತ್ತೆಗೆ ಸಾಲಿ ಬಿಡಿಸಿದರು, ಹಾಡು ಬಿಡಿಸಲಿಲ್ಲ. ಅಪ್ಪ ಅರ್ಧ ಸಾಲು ಎತ್ತಿದರೆ ಉಳಿದ ಅರ್ಧ ನಾನು ತುಂಬಬೇಕು. ಅವನು, "ಬಯಲಾಗ ಇಳಿಸೇನಿ ಭಾರ, ಗುರುವೇ" ಅಂತ ಎತ್ತುವನು. "ಇನ್ಯಾಕ ನೀ ಇಷ್ಟು ದೂರ?" ಅಂತ ನಾನು. ಸಣ್ಣವಳಿದ್ದಾಗ ಅದರ ಅರ್ಥ ಏನು ತಿಳಿಯಬೇಕು? ತಾಳ ತಪ್ಪಬಾರದು ಅಷ್ಟೇ. ತಪ್ಪಿದರೆ ಏಕತಾರಿಯ ತುದಿಯಿಂದ ತಲೆಗೆ ಮೆಲ್ಲಗೆ ಒಂದು ಬಡಿಯುವನು.

ಅಪ್ಪ ಎರಡು ವರ್ಷ ಹೊಲಭಜನೆಗೆ ಬಂದು ಹೋಗಿದ್ದ. ಇಲ್ಲಿಯ ಸಡಗರ ನೋಡಿ ಹುಚ್ಚಾಗಿದ್ದ. ಸಂಬಂಧದ ಮಾತು ಬಂದಾಗ ಬೇರೆ ಏನನ್ನೂ ಕೇಳಲಿಲ್ಲ. ಊರ ತುಂಬ, "ಮಗಳನ್ನ ಹಾಡಿನ ಮನಿಗಿ ಕೊಡಾಕತ್ತೀನಿ" ಅಂತ ಹೇಳಿಕೊಂಡು ತಿರುಗಿದ. ಅವನು ಬಂದವರು ಹಾಡುವುದನ್ನೇ ನೋಡಿದ್ದ. ಮನೆಯವರು ಹಾಡದೆ ಇದ್ದದ್ದು ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ. ಹಾಡುವವರ ಕಣ್ಣು ಒಲೆಯ ಕಡೆ ಎಲ್ಲಿ ಹೋಗುತ್ತದೆ?

ಮದುವೆಯಾದ ಮೊದಲ ವರ್ಷ. ಅಪ್ಪನ ಮೇಳ ಬಂದದ್ದು ಕೇಳಿ ನಾನು ತವರಿನಿಂದ ತಂದ ತಾಳ ಹಿಡಿದು ಹೊರಗೆ ಓಡಿದೆ. ನಮ್ಮ ಅತ್ತೆಯವರು ಬಾಗಿಲಲ್ಲಿ ನನ್ನ ಕೈ ಹಿಡಿದರು. ಬಯ್ಯಲಿಲ್ಲ, ಸಿಟ್ಟು ಮಾಡಲಿಲ್ಲ. "ಅವ್ವಾ, ಇದು ನಮ್ಮ ಮನ್ಯಾಗಿಲ್ಲ" ಅಂದರು. ತಾಳ ಇಸಗೊಂಡು ದೇವರ ಮಾಡದಲ್ಲಿ ಇಟ್ಟರು. ಇವತ್ತಿಗೂ ಅಲ್ಲೇ ಇದೆ. ಪ್ರತಿ ಸೋಮವಾರ ವಿಭೂತಿ ಹಚ್ಚುತ್ತೇನೆ.

ಆ ಸಂಜೆ ಅಪ್ಪ ಪದ ಎತ್ತಿದ. "ಬಯಲಾಗ ಇಳಿಸೇನಿ ಭಾರ, ಗುರುವೇ" ಅಂದು ನಿಲ್ಲಿಸಿದ. ನಾನು ಒಲೆಯ ಮುಂದೆ. ಒಂದು ಸುತ್ತು ತಾಳ ಖಾಲಿ ಹೋಯಿತು. ಮೇಳದವರು ಅವನ ಮುಖ ನೋಡಿದರು. ಅವನು ಒಲೆಯ ಕಡೆ ನೋಡಿದ. ಆಗ ತಿಳಿಯಿತು ಅವನಿಗೆ. ಬೀಗರ ಮನೆಯ ಪದ್ಧತಿಗೆ ಹೆಣ್ಣು ಕೊಟ್ಟವನು ಏನು ಅನ್ನಬೇಕು? ಮುಂದಿನ ಸಾಲಿಗೆ ಹೋದ.

ಮರುವರ್ಷ ಅವನು ತನ್ನ ತಾಡಪತ್ರಿಯನ್ನು ಬೇವಿನ ಗಿಡದ ಬುಡಕ್ಕೆ ಹಾಕಿದ. ಅದು ಯಾರಿಗೂ ಬೇಡಾದ ಜಾಗ. ನಮ್ಮ ಒಲೆಯ ಹೊಗೆಯೆಲ್ಲ ಅಲ್ಲಿಗೇ ಹೋಗುತ್ತದೆ. "ಯಜಮಾನ್ರ, ಕಣ್ಣು ಉರಿತಾವಲ್ರಿ, ಇತ್ಲಾಕಡೆ ಬರ್ರಿ" ಅಂತ ಜಿನಪ್ಪ ಕಾಕಾ ಕರೆದರೆ, "ಇರಲಿ ಬಿಡ್ರಿ, ಚಳಿಗಿ ಬೆಚ್ಚಗಿರತೈತಿ" ಅಂದ. ಪದ ಎತ್ತಿದ, ಅದೇ ಅರ್ಧಕ್ಕೆ ನಿಲ್ಲಿಸಿದ. ಈ ಸಲ ಬೇಕಂತಲೇ ನಿಲ್ಲಿಸಿದ. ನನ್ನ ಕೈಯಲ್ಲಿ ರೊಟ್ಟಿ ಇತ್ತು. ಬಾಯಿಗೆ ಕಟ್ಟಳೆ ಇತ್ತು, ಕೈಗೆ ಇರಲಿಲ್ಲವಲ್ಲ. ನನ್ನ ಅರ್ಧ ಸಾಲನ್ನು ನಾನು ಕೊಣಮಿಗೆಯಲ್ಲಿ ಬಡಿದೆ. ಸುತ್ತು ಮುಗಿಯಿತು. ಅಪ್ಪ ಮುಂದಿನ ಸಾಲು ಎತ್ತಿದ.

ಊರಿಗೆ ಹೋಗುವಾಗ ಇಷ್ಟೇ ಅಂದ: "ನಿನ್ನ ರೊಟ್ಟಿ ಸಪ್ಪಳ ಬೇವಿನ ಗಿಡದ ತನಕ ಬರತೈತಿ ನೋಡವಾ." ಆಮೇಲೆ ಅವನು ಇದ್ದಷ್ಟು ವರ್ಷ ನಾವಿಬ್ಬರೂ ಆ ಪದವನ್ನು ಹಾಗೇ ಹಾಡಿದೆವು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಯಾಕೆ ಆಡಬೇಕು? ನಡೆದಿತ್ತಲ್ಲ.

ನೋಡ್ರಿ, ಇದನ್ನು ಇಲ್ಲಿ ಹೇಳಬೇಕು ಅಂತ ನಾನು ಬಂದಿರಲಿಲ್ಲ. ನಮ್ಮ ಮನೆಯವರು ಮುಂದೆ ಕೂತು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದಾರೆ. ಅವರಿಗೂ ಇದು ಹೊಸ ಸುದ್ದಿಯೇ. ಇಷ್ಟು ವರ್ಷ ಜೊತೆಗೆ ಸಂಸಾರ ಮಾಡಿಯೂ, ರೊಟ್ಟಿ ಬಡಿಯುವ ಸಪ್ಪಳ ಅಂತಲೇ ತಿಳಿದಿದ್ದರು ಪಾಪ.

ಅಪ್ಪ ಹೋದ ಮೇಲೆ ಆ ಜಾಗದಲ್ಲಿ ಯಾರೂ ತಾಡಪತ್ರಿ ಹಾಕಲಿಲ್ಲ. ಹಾಕಬೇಡಿ ಅಂತ ನಾವು ಹೇಳಿಲ್ಲ. ಹಿರಿಯರು ಕೂತ ಜಾಗ ಅಂತ ಅವರೇ ಬಿಟ್ಟರು. ಅಪ್ಪನ ಪದವನ್ನು ಈಗ ಜಿನಪ್ಪ ಕಾಕಾ ಹಾಡುತ್ತಾರೆ, ಅಪ್ಪನಿಗಿಂತ ಚೆಂದ ಹಾಡುತ್ತಾರೆ. ಆದರೆ ಒಂದು ಗಮ್ಮತ್ತು ಕೇಳ್ರಿ. ಅವರೂ ಆ ಅರ್ಧ ಸಾಲಿಗೆ ನಿಲ್ಲಿಸುತ್ತಾರೆ! ತಮ್ಮ ಮೇಳದ ಮಕ್ಕಳಿಗೆ, "ಇಲ್ಲಿ ಒಂದು ಸುತ್ತು ಸುಮ್ಮ ಇರ್ರಿ, ಇದs ಈ ಪದದ ಚೆಂದ" ಅಂತ ಕಲಿಸುತ್ತಾರೆ. ಅವರನ್ನು ನೋಡಿ ಜತ್ತದವರು, ಅಥಣಿಯವರು ಎಲ್ಲರೂ ಅಲ್ಲಿ ಸುಮ್ಮನಾಗುತ್ತಾರೆ. ಇವತ್ತು ನಾನು ಹೇಳುವ ತನಕ ಆ ಅರ್ಧ ಸಾಲು ಇಡೀ ಸೀಮೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲೊಂದು ಸಾಲು ಇದೆ ಅನ್ನುವುದೇ ಗೊತ್ತಿರಲಿಲ್ಲ. ಕಾಕಾ, ನೀವು ಬೇಜಾರಾಗಬ್ಯಾಡ್ರಿ. ನಿಮ್ಮ ತಪ್ಪೇನೂ ಇಲ್ಲ. ನೀವು ಕೇಳಿದ್ದನ್ನೇ ಹಾಡಿದಿರಿ.

ಹೋದ ವರ್ಷದ ಮಾತು ಹೇಳಿ ಮುಗಿಸುತ್ತೇನೆ. ಎರಡನೆಯ ದಿವಸ ಸಂಜೆ ನಾನು, ಸೊಸೆ ಎದುರುಬದುರು ಕೂತು ರೊಟ್ಟಿ ಮಾಡುತ್ತಿದ್ದೆವು. ಪ್ರಾಜಕ್ತಾ ತನ್ನ ಅಜ್ಜಿಯ ಹತ್ತಿರ ಅಭಂಗ ಕಲಿತವಳು. ನಮ್ಮ ಮನೆಗೆ ಬಂದ ಮೇಲೆ ರೊಟ್ಟಿಯನ್ನೂ ಕಲಿತಿದ್ದಾಳೆ. ಅವಳ ರೊಟ್ಟಿ ಮೊದಮೊದಲು ಮಹಾರಾಷ್ಟ್ರದ ನಕಾಶೆಯಂತೆ ಇರುತ್ತಿತ್ತು, ಈಗ ದುಂಡಗಾಗಿದೆ. ಹೊಲದಲ್ಲಿ ಯಾರೋ ಅಭಂಗ ಎತ್ತಿದರು. ಇವಳ ಬಾಯಿಂದ ತಾನಾಗಿ ಒಂದು ಎಳೆ ಬಂತು. ಎಂಥ ದನಿ ಅಂತೀರಿ! ಕೂಡಲೇ ನಾಲಿಗೆ ಕಚ್ಚಿಕೊಂಡಳು. "ಸಾರಿ ಆಯೀ, ನಾವು ಹಾಡಬಾರದಲ್ಲ?" ಅಂದಳು. ತಲೆ ತಗ್ಗಿಸಿ ರೊಟ್ಟಿ ಬಡಿಯತೊಡಗಿದಳು. ನಾನು ನೋಡುತ್ತಿದ್ದಂತೆಯೇ ಅವಳ ಕೈ ತಾಳಕ್ಕೆ ಬಿತ್ತು.

ನನ್ನ ಕೈಯೊಳಗಿನ ಹಿಟ್ಟು ಹಾಗೇ ಉಳಿಯಿತು. ಮಗ್ಗಲಲ್ಲಿ ಕೂತ ನಮ್ಮ ಅತ್ತೆಯವರು, "ಈಕಿದೂ ಸುರು ಆತು" ಅಂದರು.

"ಅಂದ್ರ, ನಂದು ನಿಮಗ ಗೊತ್ತಿತ್ತೇನ್ರಿ ಅತ್ತಿ?" ಅಂತ ಕೇಳಿದೆ.

"ಗೊತ್ತಿರದ ಏನವಾ? ನಾನು ಬೀಸೂಕಲ್ಲಿನ ಮುಂದ ಹಾಡಿದಾಕಿ. ಗಿರಣಿ ಬಂದ ಮ್ಯಾಲ ಅದೂ ನಿಂತಿತು" ಅಂದರು. ಆಮೇಲೆ, "ಮನ್ಯಾಗಿಲ್ಲ ಅಂದಾಕಿ ನಾನs. ನನಗ ನಮ್ಮತ್ತಿ ಅಂದಿದ್ದರು" ಅಂದರು. ಒಲೆಯ ಕಟ್ಟಿಗೆ ಮುಂದಕ್ಕೆ ದೂಡಿದರು. ಅಷ್ಟೇ ಮಾತು.

ಅವತ್ತಿನಿಂದ ಮುಂಜಾನೆ ಲಿಂಗಪೂಜೆಗೆ ಕೂತಾಗ ಶಿವನಿಗೆ ಒಂದು ಪ್ರಶ್ನೆ ಕೇಳುತ್ತ ಬಂದಿದ್ದೇನೆ. ಉಣ್ಣಿಸುವುದು ನಿನ್ನ ಸೇವೆ ಹೌದು, ಅದನ್ನು ಮಾಡಿದೆ. ಮತ್ತೆ ಈ ದನಿ ಕೊಟ್ಟವನೂ ನೀನೇ ಅಲ್ಲವೇ? ಅದನ್ನು ನಿನಗೆ ಯಾವಾಗ ಮುಟ್ಟಿಸಲಿ? ಇದು ಸೊಕ್ಕಿನ ಮಾತಾದರೆ ನನ್ನ ಬಾಯಿ ಕಟ್ಟು ಅಂತಲೂ ಕೇಳಿದೆ. ಶಿವನು ಗಡಬಡಿಸಿ ಉತ್ತರ ಕೊಡುವವನಲ್ಲ. ಇವತ್ತು ನೀವು ನನ್ನನ್ನು ಈ ಮೈಕಿನ ಮುಂದೆ ತಂದು ನಿಲ್ಲಿಸಿದ್ದೀರಿ. ಬಾಯಿಯಂತೂ ಕಟ್ಟಿಲ್ಲ.

ಸೊಸೆಯ ನೆವ ಮುಂದೆ ಮಾಡುತ್ತಿದ್ದಾಳೆ ಅಂತ ತಿಳೀಬ್ಯಾಡ್ರಿ. ಅವಳಿಗಾಗಿ ಹೌದು. ನನಗೂ ಹಾಡಬೇಕಾಗಿದೆ. ಯಾವ ಕೊರತೆಯೂ ಆಗಿಲ್ಲ ಅಂತ ಆಗಲೇ ಹೇಳಿದೆ. ಆ ಒಂದು ಮಾತು ಹಿಂದಕ್ಕೆ ತಗೋತೇನೆ.

ಹಾಗಾದರೆ ಮಾವನವರ ಕಟ್ಟಳೆ ಮುರಿಯಬೇಕೇ? ಇಲ್ಲ. ನಾನು ಮುರಿಯುವವಳಲ್ಲ. ಅದರೊಳಗೇ ಒಂದು ದಾರಿ ಇದೆ. ಉಣ್ಣಿಸುವವರು ಹಾಡಬಾರದು, ಇಷ್ಟೇ ಅಲ್ಲವೇ ಅವರು ಹೇಳಿದ್ದು? ಉಣ್ಣಿಸುವವರು ಸೊಸೆಯಂದಿರೇ ಆಗಬೇಕು ಅಂತ ಹೇಳಿಲ್ಲವಲ್ಲ.

ಅಧ್ಯಕ್ಷರೇ, ನಿಮ್ಮ ಪ್ರೀತಿಗೆ ಕೈ ಮುಗಿಯುತ್ತೇನೆ. ವೇದಿಕೆ ಬೇಡ. ವೇದಿಕೆ ಬಂದರೆ ಮುಂದೆ ಅಂತ ಒಂದು, ಹಿಂದೆ ಅಂತ ಒಂದು ಆಗುತ್ತದೆ. ನಮ್ಮ ಹೊಲಕ್ಕೆ ಮುಂದೆ ಹಿಂದೆ ಇಲ್ಲ. ಸ್ಪೀಕರು ಹಚ್ಚಿದರೆ ಒಂದೇ ದನಿ ಎಲ್ಲರ ಮೇಲೆ ಬೀಳುತ್ತದೆ, ಉಳಿದವರು ಸುಮ್ಮನಾಗುತ್ತಾರೆ. ಸುಮ್ಮನಿದ್ದದ್ದು ಸಾಕಾಗಿದೆ. ನಿಮಗೆ ಸೇವೆ ಮಾಡುವ ಮನಸ್ಸಿದ್ದರೆ ಒಲೆಯ ಮುಂದೆ ಬರ್ರಿ. ಈ ಸಲ ಬಳಗದವರೇ ಮನೆಯವರು. ನೀವು ನೀರು ಹೊರ್ರಿ. ನಮ್ಮ ಯಜಮಾನರಿಗೆ ಚಹಾ ಒಂದೇ ಬರುತ್ತದೆ, ಆದರೆ ಸುಗ್ಗಿಗೆ ಇನ್ನೂ ವೇಳೆ ಇದೆ, ಕಲಿಸುತ್ತೇನೆ. ಪ್ರಥಮೇಶನ ರೊಟ್ಟಿ ದುಂಡಗೆ ಬಾರದಿದ್ದರೂ ನಡೆಯುತ್ತದೆ, ಹೊಟ್ಟೆಯೊಳಗೆ ಹೋದ ಮೇಲೆ ಯಾರು ನೋಡುತ್ತಾರೆ? ಜಿನಪ್ಪ ಕಾಕಾ ಅವರ ಮೇಳಕ್ಕೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಪಲ್ಯ ಬೇರೆ ಬೋಗುಣಿಯಲ್ಲಿ. ಹೊತ್ತು ಮುಳುಗುವ ಮೊದಲು ಬಡಿಸಬೇಕು. ಇದೊಂದು ಮರೀಬ್ಯಾಡ್ರಿ.

ನಾವು ಮೂವರು, ಅಂದರೆ ನಮ್ಮ ಅತ್ತೆ, ನಾನು, ಸೊಸೆ, ಈ ಸಲ ಬಂದವರು. ತಾಡಪತ್ರಿ ತರುತ್ತೇವೆ, ಕಂಬಳಿ ತರುತ್ತೇವೆ, ದೇವರ ಮಾಡದಲ್ಲಿರುವ ತಾಳವನ್ನೂ ತರುತ್ತೇವೆ. ಅತ್ತೆಯವರು ತಲೆ ಅಲ್ಲಾಡಿಸುತ್ತಿದ್ದಾರೆ. ಬೇಡ ಅಂತಲೋ ಹೂಂ ಅಂತಲೋ ಇಲ್ಲಿಂದ ತಿಳಿಯುತ್ತಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ ನೋಡ್ರಿ. ಹೂಂ ಅಂತಲೇ ತಿಳಕೋತೇನೆ.

ಆಗಲೇ ಅಲಕಾತಾಯಿಯವರು, "ಕೊನೆಗೊಂದು ಪದ ಹಾಡಬೇಕು" ಅಂದಿದ್ದರು. ಇಲ್ಲಿ ಹಾಡುವುದಿಲ್ಲರಿ, ತಪ್ಪು ತಿಳಿಯಬಾರದು. ಕೇಳಬೇಕಾದರೆ ಹೊಲಕ್ಕೆ ಬರಬೇಕು, ನೆಲದ ಮೇಲೆ ಕೂರಬೇಕು. ಈ ಶಾಲು ಚೆನ್ನಾಗಿದೆ, ಅಲ್ಲಿ ನಿಮಗೇ ಹಾಸುತ್ತೇನೆ.

ಕರೆದು ಸನ್ಮಾನ ಮಾಡಿದ ಬಳಗಕ್ಕೆ, ತಾಳ್ಮೆಯಿಂದ ಕೇಳಿದ ತಮಗೆ, ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಮೈಕು ಬಿಟ್ಟುಕೊಟ್ಟ ಅಧ್ಯಕ್ಷರಿಗೆ ನನ್ನ ಧನ್ಯವಾದ. ಜಿನಪ್ಪ ಕಾಕಾ, ನಿಮಗೊಂದು ಮಾತು. ಈ ಸಲವೂ ಅಪ್ಪನ ಪದ ನೀವೇ ಎತ್ತಬೇಕು. ಅದೇ ಅರ್ಧಕ್ಕೆ ನಿಲ್ಲಿಸ್ರಿ. ನಿಲ್ಲಿಸಿ ಬೇವಿನ ಗಿಡದ ಕಡೆ ನೋಡ್ರಿ. ಮುಂದಿನದು ನಾನು ಹಾಡ್ತೀನಿ.

ಎಲ್ಲರಿಗೂ ನಮಸ್ಕಾರ.